ಬೋರ್ಡ್ ಕೊಳ್ಳುವ ಮೊದಲು ರೇಡಿಯೊ ನೋಡಿ

ಎಲ್ಲರಿಗೂ ನಮಸ್ಕಾರ.

ವೈಫೈ ತಂತ್ರಾಂಶದ ಕೆಲಸ ಕಲಿಯಬೇಕು, ಕಡಿಮೆ ದುಡ್ಡಿಗೆ ಯಾವ ಬೋರ್ಡ್ ತಗೊಳ್ಳಲಿ ಎಂದು ಕೇಳುವ ವಿದ್ಯಾರ್ಥಿಗಳು ಪ್ರೊಸೆಸರ್ ವೇಗ, ರ್‍ಯಾಮ್, ಬೆಲೆ ಎಲ್ಲವನ್ನೂ ಬರೆದುಕೊಂಡು ಬರುತ್ತಾರೆ. ರೇಡಿಯೊ ಚಿಪ್ ಯಾವುದೆಂದು ಬರೆದಿರುವುದಿಲ್ಲ. ನನ್ನ ಮೊದಲ ಪ್ರಶ್ನೆ ಅದೇ.

ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನೇ ಉದಾಹರಣೆಗೆ ನೋಡಿ. ಅದರಲ್ಲಿರುವ ಬ್ರಾಡ್‌ಕಾಮ್ ವೈಫೈ ಚಿಪ್ ಫುಲ್‌ಮ್ಯಾಕ್ ಜಾತಿಯದು, ಅಂದರೆ ವೈಫೈ ಕೆಲಸವನ್ನು ತಾನೇ ನಡೆಸುವಂಥದು. ಪ್ರವೇಶಬಿಂದುವಿಗೆ (ವೈಫೈ ಕೊಡುವ ರೂಟರ್‌ಗೆ) ಸೇರಿಕೊಳ್ಳುವುದು, ಪ್ಯಾಕೆಟ್ ತಲುಪದಿದ್ದರೆ ಮತ್ತೆ ಕಳಿಸುವುದು, ಎಲ್ಲವೂ ಚಿಪ್‌ನೊಳಗೇ ಓಡುವ, ಸೋರ್ಸ್ ಸಿಗದ ತಂತ್ರಾಂಶವಾದ ಮುಚ್ಚಿದ ಫರ್ಮ್‌ವೇರ್‌ನಲ್ಲೇ ನಡೆಯುತ್ತದೆ. ಚಿಪ್ ಜೊತೆ ಮಾತಾಡುವ ಲಿನಕ್ಸ್ ಡ್ರೈವರ್ ಮುಕ್ತವಾಗಿದ್ದರೂ ಅದು ಆದೇಶ ದಾಟಿಸುವುದಷ್ಟೇ. ಇಎಸ್‌ಪಿ32 ಎಂಬ ವೈಫೈ ಇರುವ ಮೈಕ್ರೊಕಂಟ್ರೋಲರ್ ಇನ್ನೂ ಅಗ್ಗ. ಸೆನ್ಸರ್ ಕೆಲಸಕ್ಕೆ ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಅದರ ವೈಫೈನ ಕೆಳಪದರ ಬರುವುದು ಸೋರ್ಸ್ ಇಲ್ಲದ ಲೈಬ್ರರಿಯಾಗಿ. ನಿಮಗೆ ಬೇಕಾಗಿರುವುದು ಆ ಪದರವೇ ಆದರೆ, ಅಲ್ಲಿ ಬಾಗಿಲು ಮುಚ್ಚಿದೆ.

ಸಾಫ್ಟ್‌ಮ್ಯಾಕ್ ಚಿಪ್‌ಗಳಲ್ಲಿ ಈ ಕೆಲಸದ ಬಹುಪಾಲು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ, ಮ್ಯಾಕ್80211 ಎಂಬ ವೈಫೈ ಪದರದಲ್ಲಿ ನಡೆಯುತ್ತದೆ. ಅಂದರೆ ನೀವು ಓದಬಹುದು, ತಿದ್ದಬಹುದು. ಅಥೆರೋಸ್‌ನ ಹಳೆಯ ಎಆರ್9331 ಚಿಪ್ ಇರುವ ಪುಟ್ಟ ರೂಟರ್‌ಗಳನ್ನು ನಾನು ಇವತ್ತಿಗೂ ಹೇಳುವುದು ಇದಕ್ಕೇ. 400 ಮೆಗಾಹರ್ಟ್ಸ್ ಪ್ರೊಸೆಸರ್, ಬರೀ 2.4 ಗಿಗಾಹರ್ಟ್ಸ್ ವೈಫೈ. ವೇಗ ಕೇಳಬೇಡಿ. ಆದರೆ ಅದರ ಅಥ್9ಕೆ ಡ್ರೈವರ್‌ಗೆ ಪ್ರತ್ಯೇಕ ಫರ್ಮ್‌ವೇರ್ ಕಡತವೇ ಬೇಡ. ನಿಧಾನದ ಒಂದು ಸಾಧನ ಉಳಿದವರ ಸಮಯವನ್ನೆಲ್ಲ ನುಂಗದಂತೆ ತಡೆಯುವ ಏರ್‌ಟೈಮ್ ಹಂಚಿಕೆ 2017ರಲ್ಲಿ ಲಿನಕ್ಸ್‌ಗೆ ಬಂದದ್ದು ಇದೇ ಡ್ರೈವರ್ ಮೂಲಕ. ಒಳಗೆ ಕೈಹಾಕಲು ಆಗುತ್ತಿತ್ತು, ಅದಕ್ಕೇ ಆಯಿತು.

ಹೊಸದೇ ಬೇಕೆಂದರೆ ಮೀಡಿಯಾಟೆಕ್ ಚಿಪ್, ಎಂಟಿ76 ಡ್ರೈವರ್. ಅದಕ್ಕೆ ಫರ್ಮ್‌ವೇರ್ ಬೇಕು, ಆದರೂ ಮ್ಯಾಕ್80211 ಜೊತೆಗೇ ಕೆಲಸ ಮಾಡುತ್ತದೆ. ಓಪನ್‌ಡಬ್ಲ್ಯೂಆರ್‌ಟಿ ಎಂದರೆ ರೂಟರ್‌ಗಳಿಗೆಂದೇ ಇರುವ ಲಿನಕ್ಸ್; ಅದರ ಹೆಸರಿನಲ್ಲಿ 2024ರಲ್ಲಿ ಬಂದ ಓಪನ್‌ಡಬ್ಲ್ಯೂಆರ್‌ಟಿ ಒನ್ ರೂಟರ್ ಇದೇ ಸಾಲಿನದು: ವೈಫೈ 6, 1 ಜಿಬಿ ರ್‍ಯಾಮ್, ಪೆಟ್ಟಿಗೆ ಸಮೇತ ಆಗಿನ ಬೆಲೆ 89 ಡಾಲರ್. ತಂತ್ರಾಂಶ ಇಟ್ಟುಕೊಳ್ಳುವ 256 ಎಂಬಿ ನ್ಯಾಂಡ್ ಫ್ಲಾಶ್ ಮೆಮೊರಿ ಕೆಟ್ಟುಹೋದರೂ ಬೇರೆಯೇ ಆದ 16 ಎಂಬಿ ನಾರ್ ಫ್ಲಾಶ್‌ನಿಂದ ಬೂಟ್ ಮಾಡಿ ಎಬ್ಬಿಸಬಹುದು. ಕರ್ನಲ್ ತಿದ್ದುವವರಿಗೆ ಇದು ದೊಡ್ಡ ಧೈರ್ಯ. ಸೆಕೆಂಡ್ ಹ್ಯಾಂಡ್ ರೂಟರ್ ಕೊಳ್ಳುವಿರಾದರೆ 4 ಎಂಬಿ ಫ್ಲಾಶ್, 32 ಎಂಬಿ ರ್‍ಯಾಮ್‌ನದು ಎಷ್ಟು ಅಗ್ಗವಿದ್ದರೂ ಬೇಡ. ಇಂದಿನ ಓಪನ್‌ಡಬ್ಲ್ಯೂಆರ್‌ಟಿ ಅದರಲ್ಲಿ ಹಿಡಿಸುವುದಿಲ್ಲ.

ಬೋರ್ಡ್‌ನ ಒಳಮಾತು ಕೇಳಿಸುವ ಸೀರಿಯಲ್ ಪಿನ್‌ಗಳು ಇವೆಯೇ ನೋಡಿ. ಅವನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಯುಎಸ್‌ಬಿ ಅಡಾಪ್ಟರ್ 3.3 ವೋಲ್ಟ್‌ನದಾಗಿರಲಿ. ಗ್ರೌಂಡ್‌ಗೆ ಗ್ರೌಂಡ್, ಒಂದರ ಟಿಎಕ್ಸ್ (ಕಳಿಸುವ ಪಿನ್) ಇನ್ನೊಂದರ ಆರ್‌ಎಕ್ಸ್‌ಗೆ (ಪಡೆಯುವ ಪಿನ್). ಬೋರ್ಡ್‌ಗೆ ತನ್ನದೇ ಪವರ್ ಇರುವಾಗ ವಿಸಿಸಿ (ವಿದ್ಯುತ್) ಪಿನ್ ಮುಟ್ಟಲೇಬೇಡಿ. ಸೀರಿಯಲ್ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 115200 ಬಿಟ್. ಪವರ್ ಕೊಟ್ಟೊಡನೆ ಮೊದಲು ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್, ಆಮೇಲೆ ಕರ್ನಲ್ ಸಾಲುಸಾಲಾಗಿ ಮಾತಾಡತೊಡಗುತ್ತವೆ. ನಿಮ್ಮ ತಿದ್ದುಪಡಿಯಿಂದ ಕರ್ನಲ್ ಕುಸಿದರೆ ಯಾವ ಫಂಕ್ಷನ್‌ನಲ್ಲಿ ಕುಸಿಯಿತೆಂದು ಹೇಳುವುದೂ ಅಲ್ಲೇ. ಆ ಹೊತ್ತಿಗೆ ನೆಟ್‌ವರ್ಕ್ ಹೇಗೂ ಸತ್ತಿರುತ್ತದೆ.

ಕೈಯಲ್ಲಿ ದುಡ್ಡೇ ಇಲ್ಲವೇ? ನಿಮ್ಮ ಲ್ಯಾಪ್‌ಟಾಪ್‌ನ ಲಿನಕ್ಸ್‌ನಲ್ಲಿ ಮ್ಯಾಕ್80211-ಎಚ್‌ಡಬ್ಲ್ಯೂಸಿಮ್ ಮಾಡ್ಯೂಲ್ ಲೋಡ್ ಮಾಡಿ. ಎರಡು ಹುಸಿ ರೇಡಿಯೊಗಳು ಹುಟ್ಟಿಕೊಳ್ಳುತ್ತವೆ. ಒಂದರಲ್ಲಿ ಪ್ರವೇಶಬಿಂದುವಾಗಿ ವರ್ತಿಸುವ ಹೋಸ್ಟ್‌ಎಪಿಡಿ, ಇನ್ನೊಂದರಲ್ಲಿ ಅದಕ್ಕೆ ಸೇರಿಕೊಳ್ಳುವ ಡಬ್ಲ್ಯೂಪಿಎ ಸಪ್ಲಿಕಂಟ್ ಓಡಿಸಿ, ನಡುವೆ ಹೋಗುವ ಪ್ರತಿಯೊಂದು ಫ್ರೇಮನ್ನೂ ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ನೋಡಿ. ಗದ್ದಲದ ಗಾಳಿಯಲ್ಲಿ ಡ್ರೈವರ್ ವೇಗವನ್ನು ಹೇಗೆ ಏರಿಳಿಸುತ್ತದೆ ಎನ್ನುವುದು ಮಾತ್ರ ಅಲ್ಲಿ ಸಿಗದು. ಆ ಪ್ರಶ್ನೆ ನಿಮಗೆ ಬಂದ ದಿನ ಬೋರ್ಡ್ ಕೊಳ್ಳಿ.