ಕೈಗೆ ಯಾಕೆ ‘ಲಾ’?

ನಮಸ್ಕಾರ. ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ ಇವತ್ತಿನ ಮಾತು ಬೇಗ ಅರ್ಥವಾಗುತ್ತದೆ. ನನ್ನ ಮಗಳು ಎರಡನೇ ಕ್ಲಾಸು. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸುತ್ತಾರೆ. ಮೊದಮೊದಲು ಮನೆಗೆ ಬರುತ್ತಿದ್ದದ್ದು ಬರೀ ಹಾಳೆಗಳು. ಬಣ್ಣ ತುಂಬು, ಗೆರೆ ಎಳೆದು ಹೊಂದಿಸು, ಅಕ್ಷರಗಳ ರಾಶಿಯಲ್ಲಿ ಪದ ಹುಡುಕು. ಅದಕ್ಕೆ ಆಟ ಅಂತ ಹೆಸರು! ಬಾಯೇ ಬಿಡದೆ ಆಡಿದರೆ ಭಾಷೆ ಎಲ್ಲಿಂದ ಬರಬೇಕು ಸ್ವಾಮಿ?

ಆಮೇಲೆ ಬಂದ ಟೀಚರ್ ಲೋತೆರೀಯಾ ತಂದರು. ಮೆಕ್ಸಿಕೋದ ಮನೆಗಳಲ್ಲಿ ಆಡುವ ಆಟ. ನಮ್ಮ ತಂಬೋಲಾ ಥರಾನೇ, ಆದರೆ ನಂಬರ್ ಬದಲು ಚಿತ್ರ. ಒಟ್ಟು 54 ಕಾರ್ಡು. ಪ್ರತಿ ಮಗುವಿನ ಮುಂದೆ 16 ಚಿತ್ರಗಳ ಒಂದು ರಟ್ಟು. ಒಬ್ಬರು ಕಾರ್ಡ್ ಎತ್ತಿ ಕೂಗುತ್ತಾರೆ, ಆ ಚಿತ್ರ ಇದ್ದವರು ಅದರ ಮೇಲೆ ಒಂದು ಬೀನ್ಸ್ ಕಾಳು ಇಡುತ್ತಾರೆ. ಪಳಗಿದವರು ಹೆಸರನ್ನು ನೇರವಾಗಿ ಹೇಳುವುದಿಲ್ಲ, ಒಗಟಿನಂಥ ಸಾಲು ಹೇಳಿ ಸತಾಯಿಸುತ್ತಾರೆ. ಗೆದ್ದವರು ‘ಲೋತೆರೀಯಾ’ ಎಂದು ಕಿರುಚಬೇಕು.

ಕಾರ್ಡಿನ ಮೇಲೆ ಬರೀ ‘ಗಾಯೋ’ ಅಂತ ಇರುವುದಿಲ್ಲ. ‘ಎಲ್ ಗಾಯೋ’, ಹುಂಜ. ‘ಲಾ ಲೂನಾ’, ಚಂದ್ರ. ಹೌದು, ನಮ್ಮ ಚಂದಮಾಮ ಅಲ್ಲಿ ಹೆಣ್ಣು! ಸ್ಪ್ಯಾನಿಷ್‌ನಲ್ಲಿ ಕುರ್ಚಿ ಮೇಜಿಗೂ ಗಂಡು ಹೆಣ್ಣು ಎಂಬ ಭೇದ ಇದೆ. ಗಂಡಾದರೆ ಪದದ ಮುಂದೆ ‘ಎಲ್’, ಹೆಣ್ಣಾದರೆ ‘ಲಾ’. ‘ಓ’ ಎಂದು ಮುಗಿದರೆ ಸಾಮಾನ್ಯವಾಗಿ ಗಂಡು. ಆದರೆ ಕೈ ಮಾತ್ರ ‘ಲಾ ಮಾನೋ’. ನಾನು ಮೂರು ಸಲ ‘ಎಲ್ ಮಾನೋ’ ಅಂದೆ. ಮಗಳು ಬಿದ್ದು ಬಿದ್ದು ನಕ್ಕಳು. ಯಾಕೆ ತಪ್ಪು ಅಂತ ಕೇಳಿದರೆ, “ಹಾಗೇ ಕೂಗೋದು ಅಪ್ಪಾ” ಅಂದಳು. ನಿಯಮ ಇನ್ನೂ ಬಂದಿಲ್ಲ, ಭಾಷೆ ಬಂದುಬಿಟ್ಟಿದೆ.

ಇನ್ನೊಂದು ವಿಷಯ. ಸ್ಪ್ಯಾನಿಷ್‌ನ ತ, ದ ನಮ್ಮ ಹಾಗೆ ಹಲ್ಲಿಗೆ ತಾಗಿ ಬರುತ್ತವೆ. ಸ್ವರಗಳು ಐದೇ, ಅ ಎ ಇ ಒ ಉ. ಅಜ್ಜಿ ಜೊತೆ ಫೋನಲ್ಲಿ ಹರಟುವ ಮಗುವಿಗೆ ಇದೆಲ್ಲ ಆಗಲೇ ಗೊತ್ತು. ಮನೆಯಲ್ಲಿ ಕನ್ನಡ ಜಾಸ್ತಿಯಾದರೆ ಮಗುವಿಗೆ ಗೊಂದಲ ಅನ್ನುವವರು ಸ್ವಲ್ಪ ಕೇಳಿಸಿಕೊಳ್ಳಿ.

ನನ್ನ ತಕರಾರು ಇಷ್ಟೇ. ಈ ಆಟ ಇರುವುದು ಶುಕ್ರವಾರ, ಕೊನೆಯ ಹತ್ತು ನಿಮಿಷ, ಹಾಳೆ ಮುಗಿಸಿದವರಿಗೆ ಮಾತ್ರ. ಅನ್ನವನ್ನು ಉಪ್ಪಿನಕಾಯಿ ಥರ ಎಲೆಯ ತುದಿಗೆ ಬಡಿಸಿದ ಹಾಗೆ ಆಯಿತು, ಅಲ್ವಾ? ಹಾಳೆ ಮುಗಿಸಲಾಗದ ಮಗು ಮೂಲೆಯಲ್ಲಿ ಸುಮ್ನೆ ಕೂತು ನೋಡುತ್ತದೆ. ಟೀಚರ್, ಮುಂದಿನ ಸಲ ಕಾರ್ಡ್ ಕೂಗುವ ಕೆಲಸವನ್ನು ಆ ಮಗುವಿಗೇ ಕೊಡಿ. ಅದೂ ಸೋಮವಾರ ಬೆಳಗ್ಗೆ.