ನಂಬಿಕೆ ಕಟ್ಟುತ್ತಿರುವ ಇರಾನಿ ಹುಡುಗ ಹುಡುಗಿಯರು

ನಮಸ್ಕಾರ ಕೇಳುಗರೇ.

ಇವತ್ತು ನಿಮ್ಮ ಹತ್ತಿರ ಇರಾನಿ ಹುಡುಗ ಹುಡುಗಿಯರ ಬಗ್ಗೆ ಮಾತಾಡಬೇಕು. ಇರಾನಿನಲ್ಲೇ ಇರುವವರ ಬಗ್ಗೆ ಅಲ್ಲ. ಟೊರಾಂಟೊ, ಲಾಸ್ ಏಂಜಲೀಸ್, ಬರ್ಲಿನ್, ಸ್ಟಾಕ್‌ಹೋಮ್‌ನಂಥ ಊರುಗಳಲ್ಲಿ ಹುಟ್ಟಿ ಬೆಳೆದವರು, ಇಲ್ಲವೇ ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಅಲ್ಲಿಗೆ ಹೋಗಿ ಸೇರಿದವರು. ಇವರು ತಮ್ಮ ಜನರಿಗಾಗಿ ಸಂಬಳ ಇಲ್ಲದೆ ಎಷ್ಟೊಂದು ಕೆಲಸ ಮಾಡುತ್ತಾರೆ. ನಮ್ಮಲ್ಲಿ ಅದರ ಸುದ್ದಿಯೇ ಇಲ್ಲ. ಇರಾನ್ ಅಂದರೆ ನಮಗೆ ಕಚ್ಚಾ ತೈಲದ ಬೆಲೆ, ಅಣುಬಾಂಬು, ಯುದ್ಧ ಇಷ್ಟೇ ಅಲ್ವಾ?

ಟೊರಾಂಟೊದಿಂದಲೇ ಶುರು ಮಾಡೋಣ. ಅಲ್ಲಿಯ ಯಂಗ್ ಸ್ಟ್ರೀಟ್ ತುಂಬಾ ಉದ್ದದ ರಸ್ತೆ. ಅದರಲ್ಲಿ ನಾರ್ತ್ ಯಾರ್ಕ್ ದಾಟಿ ರಿಚ್ಮಂಡ್ ಹಿಲ್ ಕಡೆಗೆ ಹೋದರೆ ಅಂಗಡಿಗಳ ಬೋರ್ಡುಗಳೆಲ್ಲ ಇರಾನಿನ ಭಾಷೆ ಫಾರ್ಸಿಯಲ್ಲೇ ಕಾಣುತ್ತವೆ. ಕಾದ ಬೆಣಚುಕಲ್ಲುಗಳ ಮೇಲೆ ಸುಡುವ ಸಂಗಕ್ ರೊಟ್ಟಿ, ಪಿಸ್ತಾ, ಕೇಸರಿ, ಎಲ್ಲ ಸಿಗುತ್ತದೆ. ಊರಿನ ಜನ ಆ ಕಡೆಯನ್ನು ತೆಹ್ರಾಂಟೊ ಅಂತ ಕರೆಯುವುದೂ ಉಂಟು. ಈ ಟೊರಾಂಟೊದ ಸರೋವರದ ದಡದಲ್ಲಿರುವ ಹಾರ್ಬರ್‌ಫ್ರಂಟ್ ಸೆಂಟರ್‌ನಲ್ಲಿ ಟಿರ್ಗಾನ್ ಅನ್ನುವ ಹಬ್ಬ ನಡೆಯುತ್ತದೆ. ಮೂಲದಲ್ಲಿ ಅದು ಇರಾನಿನ ಹಳೆಯ ಮಳೆಹಬ್ಬ. ಜನ ಒಬ್ಬರಿಗೊಬ್ಬರು ನೀರು ಎರಚಿಕೊಳ್ಳುತ್ತಾರೆ. ಆರಶ್ ಎಂಬ ಬಿಲ್ಲುಗಾರ ದೇಶದ ಗಡಿ ಗುರುತಿಸಲು ಬಾಣ ಬಿಟ್ಟು, ಆ ಬಾಣಕ್ಕೇ ತನ್ನ ಪ್ರಾಣವನ್ನೆಲ್ಲ ತುಂಬಿ ಸತ್ತ ಕಥೆಯೂ ಈ ಹಬ್ಬದ್ದೇ. ಟೊರಾಂಟೊದಲ್ಲಿ 2008ರಿಂದ ಈ ಹೆಸರಿನಲ್ಲಿ ನಡೆಯುತ್ತಿರುವ ಹಬ್ಬದಲ್ಲಿ ಸಂಗೀತ, ನಾಟಕ, ನೃತ್ಯ, ಉಪನ್ಯಾಸ ಎಲ್ಲ ಇರುತ್ತದೆ, ದೂರದೂರದಿಂದ ಕಲಾವಿದರು ಬರುತ್ತಾರೆ, ಜನಸಾಗರವೇ ಸೇರುತ್ತದೆ. ಇಷ್ಟು ದೊಡ್ಡ ಹಬ್ಬವನ್ನು ನಡೆಸುವವರು ನೂರಾರು ಸ್ವಯಂಸೇವಕರು. ಅದರಲ್ಲಿ ಕಾಲೇಜು ವಯಸ್ಸಿನವರು ತುಂಬಾ ಜನ.

ಹಬ್ಬ ನಡೆಸುವುದು ಅಂದರೆ ಸುಮ್ನೆ ಅಲ್ಲ. ವೇದಿಕೆಯ ಹಿಂದೆ ಓಡಾಡಬೇಕು, ಸಾಲು ನೋಡಿಕೊಳ್ಳಬೇಕು, ತಪ್ಪಿಸಿಕೊಂಡ ಮಗುವನ್ನು ಹುಡುಕಬೇಕು, ಮೊಣಕಾಲು ನೋವಿರುವ ಅಜ್ಜಿಗೆ ನೆರಳಲ್ಲಿ ಕುರ್ಚಿ ಹಾಕಿಕೊಡಬೇಕು. ಇದರ ಮೇಲೆ ಇರಾನಿಗಳಲ್ಲಿ ತಾರೋಫ್ ಅನ್ನುವ ಒಂದು ಉಪಚಾರದ ಪದ್ಧತಿ ಇದೆ. ನಮ್ಮ ಮನೆಗಳಲ್ಲಿ ನೆಂಟರು ಹಸಿವಿದ್ದರೂ 'ಬೇಡಮ್ಮ, ಈಗ ತಾನೇ ಊಟ ಆಯ್ತು' ಅನ್ನುತ್ತಾರಲ್ಲ, ಹಾಗೆ. ಚಹಾ ಬೇಕಾ ಅಂದರೆ ಬೇಡ ಅಂತಾರೆ, ಎರಡನೇ ಸಲ ಕೇಳಿದರೂ ಬೇಡ, ಮೂರನೇ ಸಲ ಒತ್ತಾಯ ಮಾಡಿದರೆ ತೆಗೆದುಕೊಳ್ಳುತ್ತಾರೆ. ಕೆನಡಾದ ಶಾಲೆಯಲ್ಲಿ ಓದಿದ ಹತ್ತೊಂಬತ್ತು ವರ್ಷದ ಹುಡುಗಿಗೆ ಬೇಡ ಅಂದರೆ ಬೇಡ ಅಂತಲೇ ಅರ್ಥ. ಅವಳು ತನ್ನ ತಂದೆಯ ವಯಸ್ಸಿನ 'ಅಮು'ಗಳಿಗೆ, ಅಂದರೆ ಚಿಕ್ಕಪ್ಪಂದಿರಿಗೆ, ಹಾಲ್ ತುಂಬಿದೆ, ಒಳಗೆ ಬಿಡಲಾಗುವುದಿಲ್ಲ ಅಂತ ಹೇಳಬೇಕು, ಅದೂ ಅವರಿಗೆ ಅವಮಾನ ಆಗದ ಹಾಗೆ, ಅದೂ ತನ್ನ ಅರ್ಧಂಬರ್ಧ ಫಾರ್ಸಿಯಲ್ಲಿ. ಮುಂದಾಳತ್ವದ ತರಬೇತಿ ಅಂತ ದುಡ್ಡು ಕೊಟ್ಟು ಕಲಿಯುವವರಿದ್ದಾರೆ. ಇದಕ್ಕಿಂತ ದೊಡ್ಡ ತರಬೇತಿ ಯಾವುದಿದೆ ಹೇಳಿ.

ಆದರೆ ನಾನು ಇವತ್ತು ಈ ವಿಷಯ ಎತ್ತಿದ್ದು ಹಬ್ಬ ಚೆನ್ನಾಗಿ ನಡೆಯುತ್ತದೆ ಅಂತ ಹೇಳುವುದಕ್ಕಲ್ಲ. ಇರಾನಿಗಳ ಮಟ್ಟಿಗೆ ಹತ್ತು ಜನ ಒಂದು ಕಡೆ ಸೇರಿ ಒಂದು ಸಂಘ ಮಾಡಿಕೊಳ್ಳುವುದೇ ಬಹಳ ಕಷ್ಟದ ಕೆಲಸ. ಯಾಕೆ ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

1979ರ ಹೊತ್ತಿಗೆ ಅಮೆರಿಕದಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳಲ್ಲಿ ಇರಾನಿಗಳೇ ಎಲ್ಲರಿಗಿಂತ ಹೆಚ್ಚು, ಸುಮಾರು 51,000 ಜನ. ಆ ವರ್ಷ ಇರಾನಿನಲ್ಲಿ ಕ್ರಾಂತಿಯಾಯಿತು, ಅಲ್ಲಿಯ ರಾಜ ಷಾ ದೇಶ ಬಿಟ್ಟ, ಇಸ್ಲಾಮಿಕ್ ಗಣರಾಜ್ಯ ಬಂತು. ನವೆಂಬರಿನಲ್ಲಿ ತೆಹ್ರಾನಿನ ಅಮೆರಿಕನ್ ರಾಯಭಾರ ಕಚೇರಿಗೆ ನುಗ್ಗಿ ಅಲ್ಲಿದ್ದವರನ್ನು ಒತ್ತೆಯಾಳು ಮಾಡಿಕೊಂಡರು. 444 ದಿನ. ಅಮೆರಿಕದಲ್ಲಿದ್ದ ಇರಾನಿ ವಿದ್ಯಾರ್ಥಿಗಳೆಲ್ಲ ವಲಸೆ ಕಚೇರಿಗೆ ಬಂದು ತಮ್ಮ ಕಾಗದಪತ್ರ ತೋರಿಸಬೇಕು ಅಂತ ಅಧ್ಯಕ್ಷ ಕಾರ್ಟರ್ ಆದೇಶ ಹೊರಡಿಸಿದರು. ಬೀದಿಯಲ್ಲಿ ಬೈಗುಳ, ಹೊಡೆತ. ಆಗಿನಿಂದ ಎಷ್ಟೋ ಜನ ನೀವು ಯಾವ ಕಡೆಯವರು ಅಂತ ಕೇಳಿದರೆ ಇರಾನಿ ಅನ್ನದೆ ಪರ್ಷಿಯನ್ ಅಂತ ಹೇಳಿ ಸುಮ್ಮನಾಗತೊಡಗಿದರು.

ಇದು ಹೊರಗಿನವರ ಭಯ. ಒಳಗಿನ ಭಯ ಇನ್ನೂ ಕೆಟ್ಟದ್ದು. ದೇಶ ಬಿಟ್ಟು ಬಂದವರಲ್ಲಿ ರಾಜನ ಕಡೆಯವರಿದ್ದರು, ಆ ರಾಜನ ಜೈಲಿನಲ್ಲಿ ಕೊಳೆತ ಎಡಪಂಥೀಯರಿದ್ದರು, ಯಾವ ರಾಜಕೀಯವೂ ಬೇಡ ಅನ್ನುವ ವ್ಯಾಪಾರಿಗಳಿದ್ದರು, ಬಹಾಯಿ ಧರ್ಮದವರು, ಯಹೂದಿಗಳು, ಅರ್ಮೇನಿಯನ್ನರು, ಜರತುಷ್ಟ್ರನ ಅನುಯಾಯಿಗಳು, ಕುರ್ದರು, ಹೀಗೆ ಎಲ್ಲರೂ ಇದ್ದರು. ಒಬ್ಬರಿಗೆ ಇನ್ನೊಬ್ಬರ ಮೇಲೆ ನಂಬಿಕೆ ಇರಲಿಲ್ಲ. ಅದು ಬರೀ ಮನಸ್ಸಿನ ಸಂಶಯವೂ ಆಗಿರಲಿಲ್ಲ. 1991ರಲ್ಲಿ ಷಾನ ಕೊನೆಯ ಪ್ರಧಾನಿ ಶಾಪೂರ್ ಬಖ್ತಿಯಾರರನ್ನು ಪ್ಯಾರಿಸ್ ಹತ್ತಿರದ ಅವರ ಮನೆಯಲ್ಲೇ ಕೊಂದರು. 1992ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ಮೈಕೊನೊಸ್ ಎಂಬ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ ಕುರ್ದಿ ನಾಯಕರ ಮೇಲೆ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಪಕ್ಕದ ಮೇಜಿನಲ್ಲಿ ಕೂತವನು ಯಾರ ಕಡೆಯವನೋ ಯಾರಿಗೆ ಗೊತ್ತು? ಇಂಥ ಭಯದಲ್ಲಿ ಬದುಕಿದ ಅಪ್ಪ ಅಮ್ಮ ಮಕ್ಕಳಿಗೆ ಏನು ಹೇಳಿಕೊಟ್ಟಿರುತ್ತಾರೆ? ಚೆನ್ನಾಗಿ ಓದು, ಡಾಕ್ಟರ್ ಆಗು, ಎಂಜಿನಿಯರ್ ಆಗು, ಯಾವ ಸಂಘದ ಪಟ್ಟಿಯಲ್ಲೂ ನಿನ್ನ ಹೆಸರು ಬೇಡ.

ಈ ಮನೆಗಳಿಂದ ಬಂದ ಮಕ್ಕಳೇ ಇವತ್ತು ಪಟ್ಟಿ ಹಿಡಿದುಕೊಂಡು ನಿಂತು ಹೆಸರು ಬರೆದುಕೊಳ್ಳುತ್ತಿರುವುದು. ನನಗೆ ಇದೇ ದೊಡ್ಡ ವಿಷಯ ಅನ್ನಿಸುತ್ತದೆ.

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮಕ್ಕಳು ಭಾನುವಾರ ಕನ್ನಡ ತರಗತಿಗೆ ಹೋಗುತ್ತಾರೆ, ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬರುತ್ತಾರೆ. ಇರಾನಿ ಮಕ್ಕಳಿಗೂ ವಾರದ ಕೊನೆಯಲ್ಲಿ ಫಾರ್ಸಿ ತರಗತಿ ಇರುತ್ತದೆ. ಎಷ್ಟೋ ಮಕ್ಕಳಿಗೆ ಮನೆಮಾತು ಬರುತ್ತದೆ, ಬಲದಿಂದ ಎಡಕ್ಕೆ ಓದುವ ಆ 32 ಅಕ್ಷರ ಬರುವುದಿಲ್ಲ. ಆದರೆ ಅಜ್ಜಿ ಮನೆಗೆ ಹೋಗುವುದು ಅಷ್ಟು ಸುಲಭ ಅಲ್ಲ. ಇರಾನಿನ ಕಾನೂನಿನ ಪ್ರಕಾರ ಇರಾನಿ ತಂದೆಯ ಮಗ ಎಲ್ಲಿ ಹುಟ್ಟಿದರೂ ಇರಾನಿಯೇ, ಹದಿನೆಂಟು ದಾಟಿದ ಗಂಡು ಹುಡುಗನಿಗೆ ಕಡ್ಡಾಯ ಸೈನಿಕ ಸೇವೆಯ ಲೆಕ್ಕವೂ ಅಂಟಿಕೊಳ್ಳುತ್ತದೆ. ಇನ್ನು ಮೆರವಣಿಗೆಯಲ್ಲಿ ಮುಖ ಕಾಣುವ ಒಂದು ಫೋಟೊ ಹೊರಗೆ ಬಂದರೆ ಅಜ್ಜಿಯನ್ನು ನೋಡಲು ಮತ್ತೆ ಹೋಗುವ ಧೈರ್ಯ ಬರುವುದಿಲ್ಲ. ಅಲ್ಲಿರುವ ಮಾವ, ಚಿಕ್ಕಮ್ಮನಿಗೆ ಏನಾಗುತ್ತದೋ ಅನ್ನುವ ಚಿಂತೆ ಬೇರೆ. ಅದಕ್ಕೇ ಮಾಸ್ಕ್, ಕಪ್ಪು ಕನ್ನಡಕ ಹಾಕಿಕೊಂಡು ಮೆರವಣಿಗೆಗೆ ಬರುವವರಿದ್ದಾರೆ. ಮುಂದೆ ನಿಲ್ಲುವವರು ಇದನ್ನೆಲ್ಲ ಲೆಕ್ಕ ಹಾಕಿಯೇ ನಿಲ್ಲುತ್ತಾರೆ.

2020ರ ಜನವರಿ 8ರಂದು ತೆಹ್ರಾನಿನಿಂದ ಕೀವ್‌ಗೆ ಹೊರಟ ಉಕ್ರೇನಿನ ಪಿಎಸ್752 ವಿಮಾನವನ್ನು ಇರಾನಿನ ರೆವಲ್ಯೂಷನರಿ ಗಾರ್ಡ್ ಅನ್ನುವ ಸೇನಾಪಡೆ ಕ್ಷಿಪಣಿ ಬಿಟ್ಟು ಉರುಳಿಸಿತು. 176 ಜನರೂ ಸತ್ತರು. ಅದರಲ್ಲಿ 138 ಜನ ಕೀವ್‌ನಿಂದ ಮುಂದೆ ಕೆನಡಾಕ್ಕೆ ಹೋಗಬೇಕಿತ್ತು. ಚಳಿಗಾಲದ ರಜೆ ಮುಗಿಸಿ ತರಗತಿಗೆ ವಾಪಸ್ಸಾಗುತ್ತಿದ್ದ ವಿದ್ಯಾರ್ಥಿಗಳು, ಪ್ರಾಧ್ಯಾಪಕರು, ಮಕ್ಕಳು. ಎಡ್ಮಂಟನ್ನಿನ ಆಲ್ಬರ್ಟಾ ವಿಶ್ವವಿದ್ಯಾಲಯವೂ ತನ್ನವರನ್ನು ಕಳೆದುಕೊಂಡಿತು. ತಾನೇ ಹೊಡೆದದ್ದು ಅಂತ ಒಪ್ಪಿಕೊಳ್ಳಲು ಇರಾನ್ ಸರ್ಕಾರಕ್ಕೆ ಮೂರು ದಿನ ಬೇಕಾಯಿತು. ಆ ದಿನಗಳಲ್ಲಿ ಕೆನಡಾದ ಕ್ಯಾಂಪಸ್ಸುಗಳಲ್ಲಿ ಮೋಂಬತ್ತಿ ಹಚ್ಚಿ ಜನರನ್ನು ಸೇರಿಸಿದವರಲ್ಲಿ ಇರಾನಿ ವಿದ್ಯಾರ್ಥಿ ಸಂಘದ ಹುಡುಗರು ಮುಂದಿದ್ದರು. ನಿನ್ನೆಯವರೆಗೂ ಈ ಸಂಘಗಳ ಕೆಲಸ ಅಂದರೆ ಇರಾನಿ ಹೊಸ ವರ್ಷ ನೌರೂಜ್‌ನ ಪಾರ್ಟಿ, ಹೊಸದಾಗಿ ಬಂದವರಿಗೆ ಬಾಡಿಗೆ ಮನೆ ಹುಡುಕಿಕೊಡುವುದು. ಈಗ ತಮ್ಮ ಪಕ್ಕದ ಬೆಂಚಿನವನ ಫೋಟೊಗೆ ಕಪ್ಪು ರಿಬ್ಬನ್ ಕಟ್ಟಬೇಕು. ಇಪ್ಪತ್ತೆರಡು ಇಪ್ಪತ್ತಮೂರು ವರ್ಷದವರಿಗೆ ಬರಬಾರದ ಕೆಲಸ ಅದು.

ಆಮೇಲೆ ಸತ್ತವರ ಕುಟುಂಬಗಳು ಸೇರಿ ಒಂದು ಸಂಘ ಮಾಡಿಕೊಂಡವು. ಹೆಂಡತಿ, ಮಗಳು ಇಬ್ಬರನ್ನೂ ಕಳೆದುಕೊಂಡ ದಂತವೈದ್ಯ ಹಾಮೆದ್ ಇಸ್ಮಾಯಿಲಿಯೊನ್ ಅದರ ವಕ್ತಾರರಾದರು. ಕೇಸು ಬಿಡಲಿಲ್ಲ ಅವರು. 2023ರ ಜುಲೈನಲ್ಲಿ ಕೆನಡಾ, ಸ್ವೀಡನ್, ಉಕ್ರೇನ್, ಬ್ರಿಟನ್ ಸೇರಿ ಈ ವಿಷಯವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ತೆಗೆದುಕೊಂಡು ಹೋದವು.

ಇದೇ ಸಂಘ 2022ರಲ್ಲಿ ಜನರನ್ನು ಬೀದಿಗೆ ಸೇರಿಸುವ ಕೆಲಸಕ್ಕೂ ನಿಂತಿತು. ಆ ಸೆಪ್ಟೆಂಬರ್ 16ರಂದು ಮಹ್ಸಾ ಜೀನಾ ಅಮೀನಿ ಪೊಲೀಸರ ವಶದಲ್ಲಿದ್ದಾಗ ಸತ್ತಳು. ಕುರ್ದಿಸ್ತಾನದ ಸಕ್ಕೆಜ್ ಊರಿನ 22 ವರ್ಷದ ಹುಡುಗಿ. 'ಹೆಣ್ಣು, ಬದುಕು, ಸ್ವಾತಂತ್ರ್ಯ' ಅನ್ನುವ ಕೂಗು ಇರಾನಿನ ಬೀದಿಗಳನ್ನೆಲ್ಲ ತುಂಬಿತು, ಹೊರಗೂ ಬಂತು. ಅಕ್ಟೋಬರ್ 22ರಂದು ಬರ್ಲಿನ್ನಿನಲ್ಲಿ ಸುಮಾರು 80,000 ಜನ ಸೇರಿದರು. ಒಂದು ವಾರದ ನಂತರ ಜಗತ್ತಿನ ಎಷ್ಟೋ ನಗರಗಳಲ್ಲಿ ಜನ ಕೈ ಕೈ ಹಿಡಿದು ಸರಪಳಿ ಮಾಡಿ ನಿಂತರು. ಇಷ್ಟು ಜನ ಸೇರಿದ ಕಡೆ ಮೊದಲ ಜಗಳ ಯಾವುದು ಗೊತ್ತಾ? ಬಾವುಟದ್ದು. ಸಿಂಹ, ಸೂರ್ಯ ಇರುವ ಹಳೆಯ ಬಾವುಟ ಹಿಡಿದರೆ ಕೆಲವರಿಗೆ ಆಗುವುದಿಲ್ಲ, ಈಗಿನ ಸರ್ಕಾರದ ಬಾವುಟ ಕಂಡರೆ ಬಹಳ ಜನರಿಗೆ ಸಿಟ್ಟು, ಕುರ್ದರಿಗೆ ಅವರದೇ ಬಾವುಟ. ಕಿತ್ತಾಡಿ ಹೊಡೆದಾಡಿದ್ದೂ ಉಂಟು. ಈ ಜಗಳದ ನಡುವೆ ನಿಂತು, ಸ್ಪೀಕರ್ ತಂದು, ಪೊಲೀಸರ ಅನುಮತಿ ಪಡೆದು, ಅಲ್ಲಿಯ ಭಾಷೆಯ ಪತ್ರಕರ್ತರಿಗೆ ಘೋಷಣೆಗಳ ಅರ್ಥ ಬಿಡಿಸಿ ಹೇಳಿ, ಸಂಜೆ ಕಸ ಎತ್ತಿ ಮನೆಗೆ ಹೋಗುವ ಕೆಲಸವೂ ಇರುತ್ತದೆ. ಇಂಥ ಕೆಲಸಕ್ಕೆ ಎರಡೂ ಭಾಷೆ ಗೊತ್ತಿರುವ ಹುಡುಗ ಹುಡುಗಿಯರೇ ಬೇಕು.

ಕಣ್ಣಿಗೆ ಕಾಣದ ಕೆಲಸಗಳೂ ಇವೆ. ಆ ಡಿಸೆಂಬರಿನಲ್ಲಿ ಇರಾನ್ ಸರ್ಕಾರ ಚಳವಳಿಗಾರರನ್ನು ಗಲ್ಲಿಗೇರಿಸಲು ಶುರು ಮಾಡಿತು. ಆಗ ಜರ್ಮನಿಯ ಸಂಸದರು ಒಬ್ಬೊಬ್ಬರು ಒಬ್ಬೊಬ್ಬ ಕೈದಿಯ ಹೊಣೆ ಹೊತ್ತು, ಇರಾನಿನ ರಾಯಭಾರಿಗೆ ಪತ್ರ ಬರೆದು, ಆ ಹೆಸರನ್ನು ಜನ ಮರೆಯದ ಹಾಗೆ ಮಾಡಿದರು. ಸಂಸದರಿಗೆ ಈ ಹೆಸರುಗಳನ್ನು, ಮೊಕದ್ದಮೆಯ ವಿವರಗಳನ್ನು ತಲುಪಿಸಲು ಫಾರ್ಸಿ ಓದಿ ಜರ್ಮನ್‌ನಲ್ಲಿ ಬರೆಯಬಲ್ಲವರು ಬೇಕಿತ್ತು. ಇರಾನಿನಲ್ಲಿ ಇಂಟರ್ನೆಟ್ ಮೇಲೆ ನಿರ್ಬಂಧ ಹಾಕಿದಾಗ ಹೊರಗಿರುವವರು ತಮ್ಮ ಬ್ರೌಸರ್‌ನಲ್ಲಿ ಸ್ನೋಫ್ಲೇಕ್ ಎಂಬ ಒಂದು ಸಣ್ಣ ಸಾಧನ ಹಾಕಿಕೊಂಡು ಕಂಪ್ಯೂಟರ್ ಆನ್ ಮಾಡಿಟ್ಟರೆ ಸಾಕು, ಒಳಗಿನ ಯಾರೋ ಒಬ್ಬರು ಆ ದಾರಿಯಲ್ಲಿ ನಿರ್ಬಂಧ ದಾಟಿ ಹೊರಗಿನ ಜಗತ್ತನ್ನು ತಲುಪಬಹುದು. ಇದನ್ನು ಹೇಗೆ ಹಾಕಿಕೊಳ್ಳುವುದು ಅಂತ ಅಮ್ಮಂದಿರಿಗೆ, ಚಿಕ್ಕಮ್ಮಂದಿರಿಗೆ ಕೂತು ಹೇಳಿಕೊಡುವುದೂ ಸೇವೆಯೇ ಅಲ್ವಾ?

ಅಮೆರಿಕದಲ್ಲಿ ಬೇರೆ ತರಹದ ಕಷ್ಟ. 2017ರ ಜನವರಿ 27ರಂದು ಟ್ರಂಪ್ ಸರ್ಕಾರ ಇರಾನ್ ಸೇರಿ ಏಳು ದೇಶದವರು ಬರಬಾರದು ಅಂತ ಆದೇಶ ಮಾಡಿತು. ಆಗಲೇ ವಿಮಾನದಲ್ಲಿದ್ದವರು ಇಳಿದ ಮೇಲೆ ಸಿಕ್ಕಿಹಾಕಿಕೊಂಡರು. ವಿಮಾನ ನಿಲ್ದಾಣಗಳಲ್ಲಿ ವಕೀಲರು ನೆಲದ ಮೇಲೆ ಕೂತು ಅರ್ಜಿ ಬರೆದರು. ಫಾರ್ಸಿ ಬರುತ್ತದೆ ಅಂತ ರಟ್ಟಿನ ಮೇಲೆ ಬರೆದು ಹಿಡಿದುಕೊಂಡು ದುಭಾಷಿಗಳು ನಿಂತರು. ಇನ್ನೊಂದು ಕೆಲಸ ಜನಗಣತಿಯದ್ದು. ಅಲ್ಲಿ ಇರಾನಿಗಳನ್ನು ಲೆಕ್ಕದಲ್ಲಿ ಬಿಳಿಯರ ಜೊತೆ ಸೇರಿಸುತ್ತಾ ಬಂದಿದ್ದಾರೆ. ಶಾಲೆಯಲ್ಲಿ ಟೆರರಿಸ್ಟ್ ಅನ್ನಿಸಿಕೊಂಡ ಹುಡುಗ ಫಾರಂನಲ್ಲಿ ಮಾತ್ರ ಬಿಳಿಯ! ಫಾರಂನಲ್ಲಿ 'ಇರಾನಿಯನ್' ಅಂತ ಕೈಯಲ್ಲೇ ಬರೆಯಿರಿ ಅಂತ ಜನರಿಗೆ ತಿಳಿಸುವ ಪ್ರಚಾರ 2010ರ ಗಣತಿಯ ಹೊತ್ತಿಗೇ ಶುರುವಾಗಿತ್ತು. 2024ರ ಮಾರ್ಚಿನಲ್ಲಿ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಬೇರೆಯೇ ಒಂದು ವರ್ಗ ಸೇರಿಸುವ ನಿರ್ಧಾರ ಆಯಿತು. ಲೆಕ್ಕಕ್ಕೆ ಬಂದರೆ ತಾನೇ ಆಸ್ಪತ್ರೆಯಲ್ಲಿ ಫಾರ್ಸಿ ದುಭಾಷಿ ಬೇಕು ಅಂತ ಕೇಳಲು ಆಗುವುದು?

ಹೀಗೆ ಬೆಳೆದು ದೊಡ್ಡ ಹುದ್ದೆಗೆ ಹೋದವರೂ ಇದ್ದಾರೆ. ತೆಹ್ರಾನಿನಲ್ಲಿ ಹುಟ್ಟಿ ಐದು ವರ್ಷಕ್ಕೆ ನಾರ್ವೆಗೆ ಹೋದ ಮಸೂದ್ ಘರಾಖಾನಿ 2021ರಲ್ಲಿ ಅಲ್ಲಿಯ ಸಂಸತ್ತಿನ ಅಧ್ಯಕ್ಷರಾದರು. ಫೀನಿಕ್ಸ್ ನಗರಸಭೆಯಲ್ಲಿದ್ದ ಯಾಸ್ಮಿನ್ ಅನ್ಸಾರಿ 2024ರಲ್ಲಿ ಅಮೆರಿಕದ ಸಂಸತ್ತಿಗೆ ಗೆದ್ದರು. ನಮಗೂ ಇದು ಹೊಸದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬೆಂಗಳೂರಿಗೆ ಬಂದ ಆಗಾ ಅಲಿ ಅಸ್ಕರ್ ಅವರ ಹೆಸರಿನ ರಸ್ತೆ ಇವತ್ತಿಗೂ ಇದೆ. ಅವರ ಮೊಮ್ಮಗನೇ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್.

ಆದರೆ ಎಲ್ಲ ಕಡೆ ದಾರಿ ಇಷ್ಟು ಸಲೀಸಾಗಿಲ್ಲ. ವಲಸಿಗರ ಎಷ್ಟೋ ಸಂಘಗಳಲ್ಲಿ ಹುಡುಗರು ಕುರ್ಚಿ ಜೋಡಿಸಲು ಬೇಕು, ಪೋಸ್ಟರ್ ಮಾಡಲು ಬೇಕು, ಅಧ್ಯಕ್ಷರ ಕುರ್ಚಿ ಮಾತ್ರ ಹಿರಿಯರದ್ದು. ಇರಾನಿಗಳಲ್ಲಿ ಇದಕ್ಕೆ ಹಳೆಯ ರಾಜಕೀಯದ ಹಗೆಯೂ ಸೇರಿಕೊಳ್ಳುತ್ತದೆ. ನಲವತ್ತು ವರ್ಷದ ಹಿಂದಿನ ಜಗಳವನ್ನು ಮಕ್ಕಳ ತಲೆಗೂ ಕಟ್ಟುವುದು ಅನ್ಯಾಯ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಅದಕ್ಕೇ ನನಗೆ ಕ್ಯಾಂಪ್ ಆಯಂದೆ ಬಹಳ ಇಷ್ಟ. 2003ರಲ್ಲಿ ಅಮೆರಿಕದ ಕೆಲವು ಕಾಲೇಜು ವಿದ್ಯಾರ್ಥಿಗಳು ಇರಾನಿಯನ್ ಅಲೈಯನ್ಸಸ್ ಅಕ್ರಾಸ್ ಬಾರ್ಡರ್ಸ್ ಎಂಬ ಸಂಸ್ಥೆ ಕಟ್ಟಿದರು. 2006ರಲ್ಲಿ ಅದೇ ಸಂಸ್ಥೆ ಹೈಸ್ಕೂಲಿನ ಇರಾನಿ ಮಕ್ಕಳಿಗಾಗಿ ಈ ಬೇಸಿಗೆ ಶಿಬಿರ ಶುರು ಮಾಡಿತು. ಇಲ್ಲಿ ಮಕ್ಕಳನ್ನು ನೋಡಿಕೊಳ್ಳುವವರೂ ಕಾಲೇಜಿನವರೇ, ಸಂಬಳ ಇಲ್ಲದೆ. ಬಹಾಯಿ ಮನೆಯ ಹುಡುಗಿ, ಮುಸ್ಲಿಂ ಮನೆಯ ಹುಡುಗ, ಯಹೂದಿ ಮನೆಯವರು, ಅಪ್ಪ ಇರಾನಿ ಅಮ್ಮ ಅಮೆರಿಕನ್ ಆಗಿರುವವರು, ಎಲ್ಲರೂ ಒಂದೇ ಸೂರಿನಡಿ ಇರಬಹುದು. ನಿನ್ನ ಅಪ್ಪ ಯಾವ ಪಕ್ಷ ಅಂತ ಅಲ್ಲಿ ಯಾರಿಗೂ ಬೇಕಾಗಿಲ್ಲ. ಶಾಲೆಯಲ್ಲಿ ಯಾರು ಏನಂದರು, ಹೆಸರನ್ನು ಟೀಚರ್ ಹೇಗೆ ತಪ್ಪಾಗಿ ಕರೆಯುತ್ತಾರೆ, ಅಮ್ಮ ಕಟ್ಟಿಕೊಟ್ಟ ಡಬ್ಬಿಯನ್ನು ತೆರೆಯಲು ಯಾಕೆ ನಾಚಿಕೆ ಆಗುತ್ತಿತ್ತು, ಇದನ್ನೆಲ್ಲ ಮೊದಲ ಸಲ ತಮ್ಮಂಥವರ ಮುಂದೆ ಬಾಯಿಬಿಟ್ಟು ಹೇಳುವ ಜಾಗ ಅದು. ಶಿಬಿರಕ್ಕೆ ಬಂದ ಮಕ್ಕಳಲ್ಲಿ ಕೆಲವರು ಕಾಲೇಜು ಸೇರಿದ ಮೇಲೆ ಮತ್ತೆ ಬರುತ್ತಾರೆ, ಈ ಸಲ ಚಿಕ್ಕವರ ಜವಾಬ್ದಾರಿ ಹೊರುವುದಕ್ಕೆ. ಮುಂದಿನ ಸಾಲಿನ ಮಕ್ಕಳಿಗೆ ಅಕ್ಕ ಅಣ್ಣಂದಿರು ಅವರೇ.

ಇಷ್ಟು ಹೊತ್ತು ಕೇಳಿದಿರಿ. ನಮಸ್ಕಾರ.