ಮುಖಗವಸಿನ ಅಂಚು

ಕೇಳುಗರಿಗೆ ನಮಸ್ಕಾರ. ರಾತ್ರಿ ಪಾಳಿಗೆ ಹೊರಟಿರುವ ದಾದಿಯರು, ಕ್ಷಯರೋಗಿಗಳ ಕಫದ ಡಬ್ಬಿಗಳನ್ನು ಎತ್ತಿಡುವ ಪ್ರಯೋಗಾಲಯದ ಸಿಬ್ಬಂದಿ, ವಾರ್ಡಿನ ನೆಲ ಒರೆಸುವ ಸಹಾಯಕರು ಇದನ್ನು ಕೇಳುತ್ತಿದ್ದೀರಿ ಎಂದುಕೊಂಡು ಒಂದೇ ಮಾತು ಹೇಳಲು ಬಂದಿದ್ದೇನೆ: ಮುಖಗವಸು ಮುಖಕ್ಕೆ ಒತ್ತಿ ಕೂತಿರಬೇಕು, ಅಂಚಿನಲ್ಲಿ ಸಂದಿ ಇರಬಾರದು.

ಶಸ್ತ್ರಚಿಕಿತ್ಸೆಯ ನೀಲಿ ಮಾಸ್ಕ್ ರೋಗಿ ಕೆಮ್ಮಿದಾಗ ಸಿಡಿಯುವ ಹನಿಗಳನ್ನು ತಡೆಯುತ್ತದೆ, ಆದರೆ ಕೆನ್ನೆಯ ಪಕ್ಕದಲ್ಲಿ ಅದು ತೆರೆದೇ ಇರುತ್ತದೆ. ಎನ್-95 ಮಾಸ್ಕ್ 0.3 ಮೈಕ್ರಾನ್ ಗಾತ್ರದ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿಯೂ ನೂರಕ್ಕೆ ಕನಿಷ್ಠ 95ನ್ನು ಹಿಡಿದಿಡುತ್ತದೆ. ಅದರ ಒಳಪದರದ ಎಳೆಗಳಿಗೆ ವಿದ್ಯುದಾವೇಶ ಕೊಟ್ಟಿರುವುದರಿಂದ ಕಣಗಳು ಅಲ್ಲಿಯೇ ಅಂಟಿಕೊಳ್ಳುತ್ತವೆ. ಸೋಪು ಹಾಕಿ ತೊಳೆದರೆ ಆ ಆವೇಶ ಹೋಗುತ್ತದೆ, ದಯವಿಟ್ಟು ತೊಳೆಯಬೇಡಿ. ಬಟ್ಟೆಯ ಮಾಸ್ಕಂತೂ ಆಸ್ಪತ್ರೆಗೆ ಬೇಡವೇ ಬೇಡ. ವಿಯೆಟ್ನಾಮಿನ ಹನೋಯ್ ನಗರದ 14 ಆಸ್ಪತ್ರೆಗಳ 1607 ಸಿಬ್ಬಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಟ್ಟೆಯ ಮಾಸ್ಕ್ ಧರಿಸಿದವರಲ್ಲಿಯೇ ಸೋಂಕು ಹೆಚ್ಚು ಕಂಡುಬಂದಿತು.

ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ನಾನು ಮಾಸ್ಕ್ ಹೊಂದಿಕೆಯ ಪರೀಕ್ಷೆ ನಡೆಸುತ್ತಿದ್ದೆ. ಮಾಸ್ಕ್ ಧರಿಸಿದವರ ತಲೆಗೆ ಪಾರದರ್ಶಕ ಮುಸುಕು ಹಾಕಿ, ಅದರೊಳಗೆ ಸ್ಯಾಕರಿನ್ ಎಂಬ ಸಿಹಿ ವಸ್ತುವಿನ ದ್ರಾವಣವನ್ನು ಮಂಜಿನಂತೆ ಸಿಂಪಡಿಸುತ್ತೇವೆ. ನಾಲಿಗೆಗೆ ಸಿಹಿ ತಾಗಿದರೆ ಗಾಳಿ ಸಂದಿಯಿಂದ ನುಗ್ಗುತ್ತಿದೆ ಎಂದು ಅರ್ಥ. ಎದೆರೋಗದ ವಾರ್ಡಿನಲ್ಲಿ ಇಪ್ಪತ್ತು ವರ್ಷ ದುಡಿದ ಹಿರಿಯ ಸಿಸ್ಟರ್ ಒಬ್ಬರು ಮೊದಲು ಬಂದು ಕುಳಿತರು. ನಾನು ಎರಡು ಬಾರಿ ಸಿಂಪಡಿಸುವಷ್ಟರಲ್ಲಿಯೇ ಅವರು ಕೈ ಎತ್ತಿ, "ಸರ್, ಸಿಹಿ" ಎಂದರು. ಮುಸುಕು ತೆಗೆದು ನೋಡಿದರೆ ಎರಡೂ ಎಲಾಸ್ಟಿಕ್ ಪಟ್ಟಿಗಳು ಕತ್ತಿನ ಹಿಂದೆಯೇ ಇದ್ದವು, ಬೆವರಿಗೆಂದು ಒಳಗೆ ಕರವಸ್ತ್ರ ಮಡಚಿ ಇಟ್ಟುಕೊಂಡಿದ್ದರು, ಮೂಗಿನ ಮೇಲಿನ ಲೋಹದ ಪಟ್ಟಿ ಒಂದೇ ಕೈಯಿಂದ ಚಿವುಟಿದ್ದರಿಂದ ಗೋಪುರದಂತೆ ಎದ್ದು ನಿಂತಿತ್ತು. ಕರವಸ್ತ್ರ ತೆಗೆಸಿ, ಒಂದು ಪಟ್ಟಿಯನ್ನು ನೆತ್ತಿಯ ಹಿಂಭಾಗಕ್ಕೂ ಇನ್ನೊಂದನ್ನು ಕಿವಿಯ ಕೆಳಗೆ ಕತ್ತಿಗೂ ಹಾಕಿಸಿದೆವು. ಮತ್ತೆ ಸಿಹಿ. ಚಿಕ್ಕ ಅಳತೆಯದನ್ನು ಕೊಟ್ಟ ಮೇಲೆ, ಅವರು ತಲೆ ತಿರುಗಿಸಿದರೂ ಬಗ್ಗಿದರೂ ಜೋರಾಗಿ ಓದಿದರೂ ರುಚಿ ತಾಗಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇಷ್ಟು ವರ್ಷ ಒಳಗೆ ಹೋದದ್ದೇನು ಸರ್?" ಎಂದು ಕೇಳಿದರು. ತಪ್ಪು ಅವರದಲ್ಲ. ಒಂದೇ ಅಳತೆಯ ಪೆಟ್ಟಿಗೆಗಳನ್ನು ತರಿಸಿ, ಹಾಕಿಕೊಳ್ಳುವ ಬಗೆಯನ್ನು ತೋರಿಸದೆ ಹಂಚಿದವರದು.

2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎನ್-95 ಗುಂಪಿಗೂ ಸಾಮಾನ್ಯ ಮಾಸ್ಕಿನ ಗುಂಪಿಗೂ ಫ್ಲೂ ಸೋಂಕಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಆದ್ದರಿಂದ ಎನ್-95 ವ್ಯರ್ಥ ಎಂದು ನನ್ನೊಡನೆ ವಾದಿಸುವವರಿದ್ದಾರೆ. ಅಲ್ಲಿನವರು ಮಾಸ್ಕ್ ಧರಿಸುತ್ತಿದ್ದುದು ರೋಗಿಯಿಂದ ಆರು ಅಡಿಯೊಳಗೆ ಇದ್ದಾಗ ಮಾತ್ರ ಎಂಬುದನ್ನು ಅವರು ಗಮನಿಸುವುದಿಲ್ಲ. ಗಾಳಿಯಲ್ಲಿ ತೇಲುವ ಕಣ ಆರು ಅಡಿಗೆ ನಿಲ್ಲುವುದಿಲ್ಲ.

ಸಮಯ ಮುಗಿಯುತ್ತಿದೆ. ಗಡ್ಡವಿದ್ದರೆ ಅಂಚು ಕೂರುವುದಿಲ್ಲ; ಬೋಳಿಸಿಕೊಳ್ಳಿ. ಕಿಟಕಿಗಳನ್ನು ತೆರೆದಿಡಿ. ತೆಗೆಯುವಾಗ ಮುಂಭಾಗ ಮುಟ್ಟದೆ ಪಟ್ಟಿ ಹಿಡಿದು ತೆಗೆದು, ಕೈ ತೊಳೆಯಿರಿ. ಇಂದು ವಾರ್ಡಿನ ಬಾಗಿಲಲ್ಲಿ ಎರಡೂ ಅಂಗೈಗಳನ್ನು ಮಾಸ್ಕಿನ ಮೇಲಿಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ, ಕನ್ನಡಕಕ್ಕೆ ಹಬೆ ಕಟ್ಟಿದರೆ, ಸರಿಪಡಿಸಿಕೊಂಡ ನಂತರವೇ ಒಳಗೆ ಕಾಲಿಡಿ. ನಮಸ್ಕಾರ.